ನಿಲ್ಲುವ ಸದ್ದು

ಆ ಶನಿವಾರ ಮಧ್ಯಾಹ್ನ ಸರ್ ಐಸ್ ಗೋಲಾ ಮಾರುವ ಗಾಡಿಯ ಮುಂದೆ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಮುಂಬಯಿಯ ಫೋರ್ಟಿನಲ್ಲಿ ನಮ್ಮ ಆಫೀಸಿದ್ದ ಬಿಲ್ಡಿಂಗಿನ ಪಕ್ಕದ ಗಲ್ಲಿ ಅದು. ಗಾಡಿಯವನು ಮಂಜುಗಡ್ಡೆಯ ತುಂಡನ್ನು ಹಲಗೆಗೆ ಕೂಡಿಸಿದ ಅಲಗಿನ ಮೇಲೆ ಉಜ್ಜುತ್ತಿದ್ದ. ಕೆಳಗೆ ಒಡ್ಡಿದ ಅವನ ಅಂಗೈಗೆ ಬಿಳಿ ಪುಡಿ ಬೀಳುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಪುಡಿಯಲ್ಲ, ಉಜ್ಜುವ ಸದ್ದು.

“ಫಿರ್ ಸೇ. ಜೋರ್ ಸೇ ಚಲಾವೋ, ಔರ್ ಏಕ್‌ದಮ್ ರುಕ್ ಜಾವೋ” ಎಂದರು.

ಗಾಡಿಯವನು ಜೋರಾಗಿ ಉಜ್ಜಿ ಥಟ್ಟನೆ ನಿಲ್ಲಿಸಿದ. ಮತ್ತೆ ಕೇಳಿದರು, ಮತ್ತೆ ಮಾಡಿದ. ಕೊನೆಗೆ ಅವನಿಗೆ ಸಾಕಾಯಿತು.

“ಸಾಬ್, ಖಾನೇ ಕಾ ಹೈ ಕಿ ಸುನ್‌ನೇ ಕಾ?” ತಿನ್ನುವುದಕ್ಕೋ ಕೇಳುವುದಕ್ಕೋ ಎಂದು.

ಜೊತೆಗೆ ಬಂದಿದ್ದ ಇಬ್ಬರು ಮರಾಠಿ ಸಹೋದ್ಯೋಗಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸರ್ ಮಾತ್ರ ನಗಲಿಲ್ಲ. ಕಣ್ಣು ಮುಚ್ಚಿದಂತೆಯೇ ತಲೆ ಆಡಿಸಿದರು. ಹಾಗೆ ಆಡಿಸುತ್ತಲೇ ಮೈ ಎಡಕ್ಕೆ ವಾಲಿ, ಬಣ್ಣದ ಶರಬತ್ತಿನ ಬಾಟಲಿಗಳ ಮೇಲೆ ಕೈ ಊರಿದರು. ಒಂದು ಬಾಟಲಿ ಉರುಳಿ ಅವರ ಅಂಗಿಯ ತೋಳೆಲ್ಲ ಕಾಲಾಖಟ್ಟಾದ ನೇರಳೆ ಬಣ್ಣವಾಯಿತು.

“ಸರ್‌ಗೆ ಬರ್ಫ್ ಏರಿತು!” ಎಂದೆ ನಾನು. ಈಗ ಅವರೂ ನಕ್ಕರು. “ಹೌದು ಕಣ್ರೀ, ಏರಿದೆ. ಆದ್ರೆ ಸಿಕ್ತು. ನಿಲ್ಲೋ ಸದ್ದು ಸಿಕ್ತು. ಸೋಮವಾರ ಗೇಮಿಗೆ ಕೂಡಿಸಿಬಿಡ್ತೀನಿ” ಎಂದರು.

ಎಲ್ಲರೂ ಗೋಲಾ ತಿಂದೆವು. ಸರ್ ವಿ.ಟಿ. ಸ್ಟೇಷನ್ ಕಡೆಗೆ, ನಾನು ಚರ್ಚ್‌ಗೇಟ್ ಕಡೆಗೆ ಹೊರಟೆವು. ಸೋಮವಾರ ಅವರು ಬರಲಿಲ್ಲ.

ಅವರು ನನ್ನ ಬಂಧುವಲ್ಲ, ಮೇಲಧಿಕಾರಿಯೂ ಅಲ್ಲ. ಒಂದೇ ಆಫೀಸಿನಲ್ಲಿದ್ದವರು, ಅಷ್ಟೆ. ನಾನು ಟೈಪಿಸ್ಟ್. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರ ಮಗಳು. ಕನ್ನಡ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ ಟೈಪಿಂಗ್ ಕಲಿತವಳು. ಅವರು ಮೈಸೂರಿನವರು, ಪವಾಯಿಯಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿಯಲ್ಲೇ ಉಳಿದವರು. ಆಫೀಸಿನಲ್ಲಿ ಕನ್ನಡ ಗೊತ್ತಿದ್ದವರು ನಾವಿಬ್ಬರೇ. ನನ್ನನ್ನು ‘ಟೈಪ್ ಮೇಡಂ’ ಎಂದು ಕರೆಯುತ್ತಿದ್ದರು. ನಾನು ಸರ್ ಎನ್ನುತ್ತಿದ್ದೆ. ಈಗಲೂ ಬೇರೆ ಹೆಸರಿನಿಂದ ಅವರನ್ನು ನೆನೆಯಲು ಬರುವುದಿಲ್ಲ.

ನಮ್ಮದು ಸಣ್ಣ ಕಂಪನಿ. ಪರದೇಶದ ಕಂಪನಿಗಳಿಗೆ ಕಂಪ್ಯೂಟರ್ ಕೆಲಸ ಮಾಡಿ ಫ್ಲಾಪಿಗಳಲ್ಲಿ ಕಳಿಸುವುದು. ಒಂದು ವರ್ಷ ಬಂದದ್ದು ವಿಡಿಯೋ ಗೇಮಿನ ಕೆಲಸ. ಮಂಜುಗಡ್ಡೆಯ ಮೈದಾನದಲ್ಲಿ ಆಡುವ ಹಾಕಿ. ಚಿತ್ರಗಳು ಅಲ್ಲಿಂದಲೇ ಬಂದಿದ್ದವು. ಆಟಗಾರ ಹೇಗೆ ಓಡಬೇಕು, ತಿರುಗಬೇಕು, ಬೀಳಬೇಕು, ನಿಲ್ಲಬೇಕು, ಆಗೆಲ್ಲ ಎಂಥ ಸದ್ದಾಗಬೇಕು ಎಂಬುದನ್ನು ನಾವು ಮಾಡಿಕೊಡಬೇಕಾಗಿತ್ತು. ಮಾಲೀಕರು ಅದನ್ನು ಇವರಿಗೆ ವಹಿಸಿದರು. ಆಡಿ ನೋಡಿ ತಪ್ಪು ಹೇಳುವ ಕೆಲಸ ನನಗೆ ಬಂತು. ಟೈಪಿಂಗ್ ಇಲ್ಲದಾಗ ಕೈ ಖಾಲಿ ಇರುತ್ತಿದ್ದವಳು ನಾನೊಬ್ಬಳೇ.

ನಮ್ಮಲ್ಲಿ ಯಾರೂ ಆ ಆಟವನ್ನು ನೋಡಿರಲಿಲ್ಲ. ಗೋಲಾ ಗಾಡಿಯದನ್ನೂ ಮೀನು ಮಾರುಕಟ್ಟೆಯದನ್ನೂ ಬಿಟ್ಟರೆ ಬೇರೆ ಮಂಜುಗಡ್ಡೆ ಗೊತ್ತಿರಲಿಲ್ಲ. ಮೊದಲ ದಿನ ಪರದೆಯ ಮೇಲಿನ ಆಟಗಾರ ನಾನು ಜಾಯ್‌ಸ್ಟಿಕ್ ಬಿಟ್ಟ ಮೇಲೂ ಜಾರಿಕೊಂಡೇ ಹೋದ.

“ಎಂತ ಸರ್ ಇವ, ಬ್ರೇಕೇ ಇಲ್ವಾ ಇವನಿಗೆ?” ಎಂದೆ.

ಮಾಲೀಕರು ನೋಡಿದರು. ಜಾಯ್‌ಸ್ಟಿಕ್ ಕೆಟ್ಟಿದೆ ಎಂದು ಲ್ಯಾಮಿಂಗ್ಟನ್ ರೋಡಿನ ರಿಪೇರಿಯವನಿಗೆ ಕಳಿಸಿದರು. ಅವನು ಬಿಚ್ಚಿ, ಒರೆಸಿ, ಸ್ಪ್ರಿಂಗ್ ಬದಲಿಸಿ ಕೊಟ್ಟ. ಆಟಗಾರ ಮತ್ತೆ ಜಾರಿಕೊಂಡೇ ಹೋದ. ಆಗ ಸರ್ ಜೇಬಿನಿಂದ ಕೇರಂ ಸ್ಟ್ರೈಕರ್ ತೆಗೆದು ಗಾಜು ಹಾಸಿದ ಮೇಜಿನ ಮೇಲೆ ಒಂದು ಬೆರಳಿನಿಂದ ಹೊಡೆದರು. ಅದು ಅಷ್ಟು ದೂರ ಹೋಗಿ ಮಾಲೀಕರ ಚಹಾದ ಲೋಟಕ್ಕೆ ತಾಗಿತು.

“ಬೆರಳು ಇಲ್ಲೇ ಇದೆ. ಸ್ಟ್ರೈಕರ್ ಎಲ್ಲಿದೆ ನೋಡಿ” ಎಂದರು.

ಆ ಸ್ಟ್ರೈಕರ್ ಸದಾ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ಯೋಚನೆ ಮಾಡುವಾಗ ಎರಡು ಬೆರಳುಗಳ ನಡುವೆ ಹೊರಳಿಸುತ್ತಿದ್ದರು. ಆ ಆಟದಲ್ಲಿ ಚೆಂಡಿನ ಬದಲು ರಬ್ಬರಿನ ಕಪ್ಪು ಬಿಲ್ಲೆ ಇರುತ್ತದಂತೆ. ನಾವೆಲ್ಲ ಅದನ್ನೂ ಸ್ಟ್ರೈಕರ್ ಎಂದೇ ಕರೆದೆವು.

ನಮಗೆ ತಿಳಿಯಲಿ ಎಂದು ಪರದೇಶದವರು ಒಂದು ಪಂದ್ಯದ ವಿಡಿಯೋ ಕ್ಯಾಸೆಟ್ ಕಳಿಸಿದ್ದರು. ಅಲ್ಲಿಯ ಕ್ಯಾಸೆಟ್ ಇಲ್ಲಿಯ ವಿಸಿಆರ್‌ಗೆ ಹೊಂದುವುದಿಲ್ಲವೆಂದು ಅವರಿಗೂ ಹೊಳೆಯಲಿಲ್ಲ, ನಮಗೂ ಗೊತ್ತಿರಲಿಲ್ಲ. ಬಣ್ಣವಿಲ್ಲ. ಚಿತ್ರ ಮೇಲಿನಿಂದ ಕೆಳಕ್ಕೆ ಉರುಳುತ್ತಲೇ ಇತ್ತು. ಕೇಳಿಸುತ್ತಿದ್ದದ್ದು ಬರೀ ಗರ್ರೆನ್ನುವ ಗದ್ದಲ. ಇವರು ಅದನ್ನೇ ಕುತ್ತಿಗೆ ಮೇಲೆ ಕೆಳಗೆ ಆಡಿಸುತ್ತ ಎಷ್ಟೋ ಸಲ ನೋಡಿದರು. ಕೊನೆಗೆ ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ, “ಇದ್ರಿಂದ ಆಗಲ್ಲ. ನಮ್ಮೂರಲ್ಲೇ ಹುಡುಕಬೇಕು” ಎಂದರು.

ಹುಡುಕಿದರು. ಯಾವುದನ್ನೂ ತಾವು ಮೈಯಲ್ಲಿ ಮಾಡಿ ನೋಡದೆ ಕಂಪ್ಯೂಟರಿಗೆ ಹೇಳುವವರಲ್ಲ ಅವರು. ಕೆಲಸದ ಹೆಂಗಸು ನಮ್ಮ ಮಹಡಿಯ ಪ್ಯಾಸೇಜಿಗೆ ಸೋಪಿನ ನೀರು ಹಾಕಿದ ಕೂಡಲೇ ಇವರು ಬೂಟು ಬಿಚ್ಚಿ ಸಾಕ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಹೋಗುತ್ತಿದ್ದರು. ಅವಳು ಪೊರಕೆ ಎತ್ತಿ ಹಿಡಿದು, “ಓ ಸಾಹೇಬ್, ಪಡಾಲ್ ನಾ! ಲೇಕರು ಆಹಾತ್ ಕಾ ತುಮ್ಹೀ?” ಎಂದು ಕಿರುಚುವಳು. ಬೀಳುತ್ತೀರಿ, ನೀವೇನು ಚಿಕ್ಕ ಮಗುವೇ ಎಂದು. ಇವರು ಗೋಡೆಗೆ ತಾಗಿ ನಿಂತು, “ಭುಜ ಮೊದ್ಲು ನಿಲ್ಲುತ್ತೆ, ಕಾಲು ಆಮೇಲೆ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಓಡುತ್ತಿದ್ದರು.

ನಿಲ್ಲುವುದನ್ನು ಕಲಿತದ್ದು ಲೋಕಲ್ ರೈಲಿನಲ್ಲಿ. ಅವರ ಮನೆ ಕಾಂಜೂರ್ ಮಾರ್ಗಿನಲ್ಲಿತ್ತು. ಗಾಡಿ ವಿ.ಟಿ.ಯಲ್ಲಿ ನಿಲ್ಲುವಾಗ ಹಿಡಿಕೆ ಹಿಡಿಯದೆ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ. ಗಾಡಿ ಪೂರ್ತಿ ನಿಂತ ಮೇಲೆ ಚೂರು ಹಿಂದಕ್ಕೆ ಬರುತ್ತಾರೆ. ಆ ಹಿಂದಕ್ಕೆ ಬರುವುದನ್ನು ಅವರು ಆಟಗಾರನಿಗೆ ಕೊಟ್ಟರು. ಅದಕ್ಕೂ ಮೊದಲು ಆಟಗಾರ ನಿಂತರೆ ಬೊಂಬೆಯನ್ನು ಯಾರೋ ಅಲ್ಲಿಟ್ಟಂತೆ ಕಾಣುತ್ತಿತ್ತು. ಈಗ ಮನುಷ್ಯ ನಿಂತಂತೆ ಕಂಡಿತು.

“ಇವ ಈಗ ಸ್ಟೇಷನ್‌ನಲ್ಲಿ ಇಳೀತಾನೆ ನೋಡಿ ಸರ್” ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ಎಲ್ಲರಿಗೂ ಬಟಾಟೆ ವಡಾ ತರಿಸಿದರು.

ಆದರೆ ನಿಜ ಹೆಚ್ಚಾಗುತ್ತ ಹೋದಂತೆ ಆಟ ಕೆಟ್ಟಿತು. ಲೆಕ್ಕದ ಪ್ರಕಾರ ಎಷ್ಟು ಜಾರಬೇಕೋ ಅಷ್ಟೂ ಜಾರುವ ಆಟಗಾರನನ್ನು ತಿರುಗಿಸಲು ಯಾರಿಂದಲೂ ಆಗಲಿಲ್ಲ. ಸ್ಟ್ರೈಕರ್ ಕೋಲಿಗೆ ಸಿಗುತ್ತಿರಲಿಲ್ಲ. ಗೋಲ್‌ಕೀಪರ್ ಒಂದನ್ನೂ ಬಿಡುತ್ತಿರಲಿಲ್ಲ. ಮರಾಠಿ ಸಹೋದ್ಯೋಗಿಗಳು ಆಡುವುದನ್ನೇ ನಿಲ್ಲಿಸಿದರು. ಮಾಲೀಕರು ಬಂದು, “ಅರೇ ಭಾಯ್, ಗೇಮ್ ಬನಾವೋ, ಬರಫ್ ಮತ್ ಬನಾವೋ” ಎಂದು ರೇಗಿದರು. ಆಟ ಮಾಡಿ, ಮಂಜುಗಡ್ಡೆ ಮಾಡಬೇಡಿ ಎಂದು.

ಸರ್ ಎರಡು ದಿನ ಪರದೆಯ ಮುಂದೆಯೇ ಕುಳಿತರು. ಆಮೇಲೆ ಒಂದೊಂದೇ ಮೋಸವನ್ನು ಸೇರಿಸಿದರು. ಕೋಲು ಕಾಣುವುದಕ್ಕಿಂತ ಚೂರು ಮುಂದಕ್ಕೂ ಸ್ಟ್ರೈಕರನ್ನು ಹಿಡಿಯುವಂತೆ ಮಾಡಿದರು. ತಿರುಗುವಾಗ ಜಾರಿಕೆ ಕಡಿಮೆಯಾಗುವಂತೆ ಮಾಡಿದರು. ಗೋಲ್‌ಕೀಪರ್ ಒಮ್ಮೊಮ್ಮೆ ಒಂದು ಕ್ಷಣ ತಡಮಾಡುವಂತೆ ಮಾಡಿದರು. ಆಟಕ್ಕೆ ಜೀವ ಬಂತು. ಸಹೋದ್ಯೋಗಿಗಳು ಜಾಯ್‌ಸ್ಟಿಕ್ಕಿಗಾಗಿ ಜಗಳವಾಡತೊಡಗಿದರು.

“ಇಷ್ಟೆಲ್ಲ ಸುಳ್ಳು ಸೇರಿಸಿದ್ರಲ್ಲ ಸರ್?” ಎಂದು ಕೇಳಿದೆ.

“ನಿಜ ಇರ್ಬೇಕು ಕಣ್ರೀ. ಆದ್ರೆ ಪೂರ್ತಿ ನಿಜಾನ ಆಡಕ್ಕಾಗಲ್ಲ” ಎಂದರು.

ಒಂದೇ ವಿಷಯದಲ್ಲಿ ಹಟ ಬಿಡಲಿಲ್ಲ. ಡಿಕ್ಕಿ ಹೊಡೆದು ಬಿದ್ದ ಆಟಗಾರ ಬೇಗ ಏಳಕೂಡದು. ಪ್ಯಾಸೇಜಿನಲ್ಲಿ ಬಿದ್ದು ಮೊಣಕೈ ತರಚಿಕೊಂಡವರು ಅವರು. “ಬಿದ್ರೆ ನೋವಾಗುತ್ತೆ. ಅದು ಗೊತ್ತಾಗ್ಲಿ. ಮಲಗಿರ್ಲಿ ಸ್ವಲ್ಪ ಹೊತ್ತು” ಎನ್ನುತ್ತಿದ್ದರು. ನನಗೆ ಜಾಯ್‌ಸ್ಟಿಕ್ ಹಿಡಿದುಕೊಂಡು ಬಿದ್ದವನನ್ನೇ ನೋಡುತ್ತ ಕೂರುವುದು ಬೇಸರವಾಗುತ್ತಿತ್ತು. ಹೇಳಿದರೂ ಕೇಳಲಿಲ್ಲ.

ದಿನವಿಡೀ ಜಾರುವ ಪರದೆಯನ್ನು ನೋಡಿದರೆ ತಲೆ ಸುತ್ತುತ್ತದೆ. ನಾನು ಸಂಜೆ ಎದ್ದು ಮೆಟ್ಟಿಲಿಳಿಯುವಾಗ ಮೆಟ್ಟಿಲೇ ಪಕ್ಕಕ್ಕೆ ಸರಿದಂತಾಗುತ್ತಿತ್ತು. ಎಲ್ಲರಿಗೂ ಹಾಗಾಗುತ್ತಿತ್ತು. ಅದಕ್ಕೆ ನಾವು ‘ಬರ್ಫ್ ಏರುವುದು’ ಎಂದು ಹೆಸರಿಟ್ಟಿದ್ದೆವು. ಒಂದು ಲೋಟ ಚಹಾ ಕುಡಿದು ಸ್ವಲ್ಪ ಓಡಾಡಿದರೆ ಇಳಿಯುತ್ತಿತ್ತು. ಅವರಿಗೆ ಇಳಿಯುತ್ತಿರಲಿಲ್ಲ. ಚಹಾ ತಟ್ಟೆಗೆ ಚೆಲ್ಲುತ್ತಿತ್ತು. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು. ಸ್ಟ್ರೈಕರ್ ಬೆರಳಿನಿಂದ ಬೀಳುತ್ತಿತ್ತು. ಅವರು ಎಲ್ಲರಿಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಇರುವವರು, ಆದ್ದರಿಂದ ಎಲ್ಲರಿಗಿಂತ ಹೆಚ್ಚು ಏರಿದೆ ಎಂದುಕೊಂಡೆವು. ಅವರೂ ಹಾಗೆಯೇ ಅಂದುಕೊಂಡರು, ಮನೆಯಲ್ಲಿ ಹೆಂಡತಿಗೂ ಅದನ್ನೇ ಹೇಳಿದ್ದರು. ಕಣ್ಣಿನ ಡಾಕ್ಟರಿಗೆ ತೋರಿಸಿ ಹೊಸ ಕನ್ನಡಕ ಮಾಡಿಸಿದರು. ಕನ್ನಡಕ ಬಂದ ಮೇಲೂ ವಾಲಿದಾಗ ಕನ್ನಡಕ ಅಭ್ಯಾಸವಾಗಬೇಕು ಎಂದರು. ಆ ಆಟವಿಲ್ಲದ ಬೇರೆ ಯಾವ ಆಫೀಸಿನಲ್ಲಾದರೂ ಅವರನ್ನು ಮೊದಲೇ ಯಾರೋ ಒಬ್ಬರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು.

ಗೋಲಾ ತಿಂದ ಮರುದಿನ, ಭಾನುವಾರ, ಮನೆಯಲ್ಲಿ ಮಂಚದಿಂದ ಬಾಗಿಲಿಗೆ ಹೋಗುವಾಗ ಬಿದ್ದರು. ಎತ್ತಿ ನಿಲ್ಲಿಸಿದರೆ ನಿಲ್ಲಲಾಗಲಿಲ್ಲ. ಪರೇಲಿನ ಆಸ್ಪತ್ರೆಯಲ್ಲಿ ತಲೆಯ ಹಿಂಭಾಗದಲ್ಲಿ ಗಡ್ಡೆ ಇದೆ ಎಂದರು. ಮನುಷ್ಯ ಬೀಳದಂತೆ ನೋಡಿಕೊಳ್ಳುವ ಭಾಗ ಅಲ್ಲೇ ಇರುವುದಂತೆ. ಆಪರೇಷನ್ ಮಾಡಿದರು. ಪೂರ್ತಿ ತೆಗೆಯಲು ಆಗಲಿಲ್ಲ.

ಮತ್ತೆ ಆಫೀಸಿಗೆ ಬರುತ್ತಾರೆಂದು ನಾವ್ಯಾರೂ ಎಣಿಸಿರಲಿಲ್ಲ. ಒಂದು ದಿನ ಕೆಳಗೆ ಟ್ಯಾಕ್ಸಿ ನಿಂತಿತು. ಲಿಫ್ಟ್ ಎಂದಿನಂತೆ ಕೆಟ್ಟಿತ್ತು. ಮರಾಠಿ ಸಹೋದ್ಯೋಗಿಗಳಿಬ್ಬರೂ ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ಹಿಂದೆ ಅವರ ಹೆಂಡತಿ ಔಷಧದ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಸರ್ ಅವರ ತಲೆ ಬೋಳಿಸಿತ್ತು. ಬಾಯಿಯ ಒಂದು ಕಡೆ ಜೋತಿತ್ತು.

“ಬೇಡಾ ಅಂದ್ರೆ ಕೇಳಲ್ಲ” ಎಂದು ಹೆಂಡತಿ ನನಗೆ ಹೇಳಿದರು. “ಊಟ ಬಿಟ್ರು. ಇದೊಂದು ಮುಗಿಸ್ತೀನಿ, ಆಮೇಲೆ ನೀನು ಹೇಳಿದ ಹಾಗೆ ಮಲಗ್ತೀನಿ ಅಂತಾರೆ. ನಾನೇನ್ ಮಾಡ್ಲಿ?”

ಅವರ ಬೆರಳುಗಳು ಬೇಕಾದ ಕೀಲಿಯ ಮೇಲೆ ಬೀಳುತ್ತಿರಲಿಲ್ಲ. ಒಂದನ್ನು ಒತ್ತಲು ಹೋದರೆ ಕೈ ನಡುಗಿ ಇನ್ನೊಂದು ಒತ್ತಿಹೋಗುತ್ತಿತ್ತು. ಹಾಗಾಗಿ ನಾನು ಪಕ್ಕದಲ್ಲಿ ಕುಳಿತೆ. ಅವರು ಹೇಳಿದ್ದನ್ನು ಟೈಪ್ ಮಾಡಿದೆ. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಅಕ್ಷರ, ಅಂಕಿ, ಅಲ್ಪವಿರಾಮ. ಅವರ ಮಾತು ಎಳೆದೆಳೆದು ಬರುತ್ತಿತ್ತು. ಒಂದು ಬೆಳಗ್ಗೆ ಅದೇ ಸಾಲನ್ನು ಮತ್ತೆ ಮತ್ತೆ ತಪ್ಪು ಮಾಡಿದೆ. ಅವರು ಮೇಜಿಗೆ ಹೊಡೆದರು.

“ಕಿವಿ ಇಲ್ವೇನೇ ನಿಂಗೆ?”

ಹಿಂದೆಂದೂ ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಹೊಡೆತ ಗುರಿ ತಪ್ಪಿ ಚಹಾದ ಲೋಟ ನೆಲಕ್ಕೆ ಬಿತ್ತು. ಅವರು ಚೂರುಗಳನ್ನೇ ನೋಡುತ್ತ, “ನಂಗೆ ಟೈಮಿಲ್ಲ ಕಣ್ರೀ. ಟೈಮಿಲ್ಲ” ಎಂದರು. ಅವರ ಹೆಂಡತಿ ಮುಖ ಆಚೆಗೆ ತಿರುಗಿಸಿಕೊಂಡರು. ನಾನು ಆ ಸಾಲನ್ನು ಮತ್ತೆ ಹೇಳಲು ಕೇಳಿಕೊಂಡೆ.

ಆ ವಾರ ಪರದೇಶದಿಂದ ಫ್ಯಾಕ್ಸ್ ಬಂತು. ನೋಡಲು ಕಳಿಸಿದ್ದ ಫ್ಲಾಪಿಯ ಆಟ ಇಷ್ಟವಾಗಿದೆ, ಬಿದ್ದವರು ಮಲಗಿರುವುದು ನಿಜವಾಗಿ ಕಾಣುತ್ತದೆ, ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಮಲಗಿರಲಿ ಎಂದು. ನಾನು ಓದಿ ಹೇಳಿದೆ. ಸರ್ ಮಾತಿಗೇ ಗೆಲುವಾಗಿತ್ತು. ಸಂತೋಷಪಡುತ್ತಾರೆ ಎಂದುಕೊಂಡೆ.

“ಬೇಡ. ತಕ್ಷಣ ಏಳ್ಲಿ” ಎಂದರು.

“ಸರ್, ಅವರೇ ಹೇಳಿದ್ದಾರೆ...”

“ಅವ್ರು ಬಿದ್ದಿದಾರಾ? ಬಿದ್ದವನು ಏಳ್ಬೇಕು. ಕೆಳಗೆ ಬಿದ್ದ ಕೂಡ್ಲೇ ಎದ್ದುಬಿಡ್ಬೇಕು. ಟೈಪ್ ಮಾಡಿ.”

ಮಾಡಿದೆ. ಬಿದ್ದ ಆಟಗಾರ ಚೆಂಡು ಪುಟಿದಂತೆ ಎದ್ದ. ನೋಡಲು ಸುಳ್ಳಾಗಿತ್ತು. ಅವರು ಇನ್ನೊಬ್ಬನನ್ನು ಬೀಳಿಸಲು ಹೇಳಿದರು. ಅವನೂ ಎದ್ದ. ಮತ್ತೊಬ್ಬನನ್ನು ಬೀಳಿಸಲು ಹೇಳಿದರು. ಆ ದಿನ ಅವರು ಮನೆಗೆ ಹೋಗುವವರೆಗೆ ನಾನು ಆಟಗಾರರನ್ನು ಬೀಳಿಸುತ್ತಲೇ ಇದ್ದೆ. ಒಬ್ಬೊಬ್ಬನೂ ಏಳುವುದನ್ನು ಅವರು ನೋಡುತ್ತಲೇ ಇದ್ದರು.

ಉಳಿದದ್ದು ಒಂದೇ, ನಿಲ್ಲುವ ಸದ್ದು. ಓಡುವ ಆಟಗಾರ ಬೂಟಿನ ಅಲಗನ್ನು ಅಡ್ಡ ತಿರುಗಿಸಿ ನಿಂತಾಗ ಮಂಜು ಕೆರೆದು ಏಳುವ ಸದ್ದು. ಕಂಪ್ಯೂಟರಿಗೆ ಅಂಕಿಗಳಲ್ಲಿ ಹೇಳಿದರೆ ಅದು ಒಂದು ಬಗೆಯ ಸದ್ದು ಮಾಡುತ್ತದೆ. ಅಂಕಿ ಬದಲಿಸಿದರೆ ಸದ್ದು ಬದಲಾಗುತ್ತದೆ. ಅವರು ಹೇಳಿದರು, ನಾನು ಟೈಪ್ ಮಾಡಿದೆ, ಕೇಳಿಸಿದೆ. “ಅಲ್ಲ” ಎಂದರು. ಮತ್ತೆ. “ಅಲ್ಲ.” ಒಂದು ಸಲ ಹಬೆಯಂತೆ, ಒಂದು ಸಲ ಹರಿದ ಬಟ್ಟೆಯಂತೆ, ಒಂದು ಸಲ ಎಣ್ಣೆಗೆ ನೀರು ಬಿದ್ದಂತೆ. ಯಾವುದೂ ಅಲ್ಲ. ದಿನಗಟ್ಟಲೆ ಹಾಗೆಯೇ ನಡೆಯಿತು. ಮಾಲೀಕರು ಬಾಗಿಲಲ್ಲಿ ನಿಂತು ನೋಡಿ, ಬೈಯಲೂ ಆಗದೆ, ಸುಮ್ಮನಿರಲೂ ಆಗದೆ ಹೋಗುತ್ತಿದ್ದರು. ಕೆಲಸ ಕಳಿಸಿಕೊಡಿ ಎಂದು ಆ ಕಡೆಯಿಂದ ಫೋನು ಬರುತ್ತಲೇ ಇತ್ತು.

ಆಮೇಲೆ ಅವರ ಹೆಂಡತಿ ನನ್ನನ್ನು ಪ್ಯಾಸೇಜಿಗೆ ಕರೆದು ಹೇಳಿದರು. ಆಪರೇಷನ್ ಆದ ಮೇಲೆ ಒಂದು ಕಿವಿ ಕೇಳುವುದಿಲ್ಲ. ಇನ್ನೊಂದರಲ್ಲಿ ಯಾವಾಗಲೂ ಗುಂಯ್ ಎನ್ನುತ್ತಿರುತ್ತದೆ. ಆಫೀಸಿನಲ್ಲಿ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಿದ್ದಾರೆ.

ಮರುದಿನ ಮರಾಠಿ ಸಹೋದ್ಯೋಗಿಗಳು ಗೋಲಾದವನನ್ನೇ ಮೇಲಕ್ಕೆ ಕರೆತಂದರು. ಅವನು ಗೋಣಿಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹೆಗಲ ಮೇಲಿಟ್ಟುಕೊಂಡು, ಕೈಯಲ್ಲಿ ಹಲಗೆ ಹಿಡಿದುಕೊಂಡು ಬಂದ. ಅವರ ಕೇಳುವ ಕಿವಿಯ ಪಕ್ಕದಲ್ಲಿ, ಮೇಜಿನ ಮೇಲೆ ಹಲಗೆ ಇಟ್ಟ. ಜೋರಾಗಿ ಉಜ್ಜಿ ಥಟ್ಟನೆ ನಿಲ್ಲಿಸಿದ. ನೀರು ಮೇಜಿನಿಂದ ನೆಲಕ್ಕೆ ಹರಿಯಿತು. ಯಾರೂ ಹೇಳದೆಯೇ ಅವನು ಮತ್ತೆ ಮಾಡಿದ. ಮತ್ತೆ ಮಾಡಿದ. ಅಂಗೈ ಕೆಂಪಾದರೂ ಮಾಡಿದ.

ಅವರು ತಲೆ ಎತ್ತಿದರು. “ಕೇಳಿಸ್ತಿದೆ. ಆದ್ರೆ ಇದಲ್ಲ.”

ಏನೆಂದರು ಎಂದು ಗೋಲಾದವನು ನನ್ನ ಮುಖ ನೋಡಿದ. ನಾನು ಹೇಳಿದೆ. ಅವನು ಕೈ ಮುಗಿಯುವಂತೆ ಮಾಡಿ, “ಸಾಬ್, ವಹೀ ಬರಫ್ ಹೈ. ವಹೀ ಪಾತಾ ಹೈ. ಮೈ ಭೀ ವಹೀ ಹೂಂ” ಎಂದ. ಅದೇ ಮಂಜು, ಅದೇ ಅಲಗು, ನಾನೂ ಅವನೇ ಎಂದು.

ಆಗ ಅವರು ಅತ್ತರು. ಬಾಯಿಯ ಒಂದು ಕಡೆ ಅಲುಗದಿದ್ದುದರಿಂದ ಅಳು ಸರಿಯಾಗಿ ಬರಲಿಲ್ಲ. ಗೋಲಾದವನು ಹೆದರಿ ಹಲಗೆ ಎತ್ತಿಕೊಂಡು ಮೂಲೆಗೆ ಸರಿದ. ಹೆಂಡತಿ ಅವರ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಅಲ್ಲಿಂದಲೇ ಅವರು ನನ್ನನ್ನು ಕೇಳಿದರು, “ನೀವಿದ್ರಲ್ಲ ಆ ದಿನ. ನಿಮಗೆ ನೆನಪಿದೆಯಾ? ಹೇಗಿತ್ತು ಹೇಳಿ.”

ನೆನಪಿತ್ತು. ಇವತ್ತಿಗೂ ಇದೆ. ಆದರೆ ಹೇಗಿತ್ತು ಎಂದು ಹೇಳುವುದು? “ಹೀಗೇ ಇತ್ತು ಸರ್, ಈಗ ಬಂತಲ್ಲ, ಇದೇ” ಎಂದೆ. ಅವರು ತಲೆ ಅಡ್ಡ ಆಡಿಸಿದರು. ನಾನು ಬಾಯಲ್ಲಿ ಆ ಸದ್ದು ಮಾಡಿ ತೋರಿಸಿದೆ. ಮತ್ತೆ ಮಾಡಿದೆ. ಯಾರೂ ನಗಲಿಲ್ಲ.

ಅದೇ ಅವರು ಆಫೀಸಿಗೆ ಬಂದ ಕೊನೆಯ ದಿನ. ಮಳೆಗಾಲ ಶುರುವಾಗುವ ಮೊದಲು ತೀರಿಕೊಂಡರು. ಕಾಂಜೂರ್ ಮಾರ್ಗಿನ ಆ ಮನೆಯಲ್ಲಿ ನಾವೆಲ್ಲ ಗೋಡೆಗೆ ಒರಗಿ ನಿಂತಿದ್ದೆವು. ಅವರ ಅಂಗಿಯ ಜೇಬಿನಲ್ಲಿ ಸ್ಟ್ರೈಕರ್ ಇತ್ತು. ಹೆಂಡತಿ ಅದನ್ನು ತೆಗೆದಿಟ್ಟುಕೊಂಡರು.

ಮಾಲೀಕರು ಇದ್ದ ಹಾಗೆಯೇ ಫ್ಲಾಪಿಗಳನ್ನು ಕಳಿಸಿಬಿಟ್ಟರು. ಬಿದ್ದವರು ಬೇಗ ಏಳುವುದರ ಬಗ್ಗೆ ಆ ಕಡೆಯಿಂದ ಮತ್ತೆ ಯಾವ ಮಾತೂ ಬರಲಿಲ್ಲ. ಬಹಳ ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಪೆಟ್ಟಿಗೆ ಬಂತು. ಮೇಲೆ ಬಣ್ಣದ ಚಿತ್ರ, ಒಳಗೆ ಅಂಗಡಿಯಲ್ಲಿ ಮಾರುವ ಹಾಗೆ ಸಿದ್ಧವಾದ ಆಟ. ನಾನು ಅವರ ಹೆಂಡತಿಗೆ ಫೋನು ಮಾಡಿಸಿದೆ. ಮೈಸೂರಿಗೆ ಹೊರಡುವ ಮೊದಲು ಅವರು ಬಂದರು. ಸರ್ ಕೂರುತ್ತಿದ್ದ ಕುರ್ಚಿಯಲ್ಲಿ ಕುಳಿತರು. ಇಷ್ಟು ವರ್ಷ ಗಂಡ ಏನು ಮಾಡುತ್ತಿದ್ದರೆಂದು ಅವರು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಆಫೀಸಿಗೆ ಬಂದಾಗಲೂ ಅವರ ಕಣ್ಣೆಲ್ಲ ಗಂಡನ ಮೇಲೇ ಇರುತ್ತಿತ್ತು.

ನಾನು ಆಡಿದೆ. ಆಟಗಾರ ಓಡಿದ, ತಿರುಗಿದ, ಡಿಕ್ಕಿ ಹೊಡೆದು ಬಿದ್ದ, ತಕ್ಷಣ ಎದ್ದ. ಜಾಯ್‌ಸ್ಟಿಕ್ ಬಿಟ್ಟೆ. ಅವನು ಜಾರಿಕೊಂಡು ಹೋಗಿ, ಮುಂದಕ್ಕೆ ವಾಲಿ, ಚೂರು ಹಿಂದಕ್ಕೆ ಬಂದು ನಿಂತ.

“ಇನ್ನೊಂದ್ಸಲ” ಎಂದರು ಅವರು.

ಮತ್ತೆ ನಿಲ್ಲಿಸಿದೆ.

“ಇವ್ರೇ ಕಣಮ್ಮ. ಬಾಗಿಲಲ್ಲಿ ಬಂದು ಹೀಗೇ ನಿಲ್ತಿದ್ರು.” ಪರದೆಯ ಹತ್ತಿರ ಕಿವಿ ತಂದು ಕೇಳಿದರು, “ನಿಂತಾಗ ಯಾಕೆ ಏನೂ ಕೇಳಿಸಲ್ಲ?”

ಕೋಲಿಗೆ ಸ್ಟ್ರೈಕರ್ ತಾಗಿದರೆ ಸದ್ದಿದೆ. ಡಿಕ್ಕಿಗೆ ಸದ್ದಿದೆ. ಗೋಲ್ ಆದರೆ ಜನ ಕೂಗುವ ಸದ್ದಿದೆ. ನಿಲ್ಲುವ ಸದ್ದು ಆ ಆಟದಲ್ಲಿ ಇಲ್ಲ.